ಅರಮನೆ ದಾಟದ ಎಲೆಗಳು

ಕಟಪಾಡಿಯಿಂದ ಪಡುವಣಕ್ಕೆ, ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಮಟ್ಟುವಿನಂಥ ಊರುಗಳಲ್ಲಿ ಮದುವೆಯ ಹಿಂದಿನ ರಾತ್ರಿ ಚಪ್ಪರದಡಿ ಎರಡು ಗುಂಪುಗಳು ಕಾಣಸಿಗುತ್ತವೆ. ಒಂದು, ಮರುದಿನದ ಅಡುಗೆಗೆ ತರಕಾರಿ ಹೆಚ್ಚುವವರದು. ಇನ್ನೊಂದು, ಆ ಕೆಲಸ ಮುಗಿಯುತ್ತಿದ್ದಂತೆಯೇ (ಕೆಲವೊಮ್ಮೆ ಮುಗಿಯುವ ಮೊದಲೇ) ಮೂಲೆಯಲ್ಲಿ ಚಾಪೆ ಹಾಸಿ ಇಸ್ಪೀಟು ಎಲೆ ಕಲೆಸುವವರದು. "ಕಲಾವರ್ ಇದ್ದರೆ ಇಳಿಸಿ ಮಾರಾಯ್ರೇ", "ಆಟೀನ್ ಮುಗಿಯಿತು, ಇನ್ನು ತುರುಫು ಹೊಡೆಯುವುದೇ" ಎಂಬ ಮಾತುಗಳು ಬೆಳಗಿನ ಜಾವದವರೆಗೂ ಕೇಳುತ್ತಿರುತ್ತವೆ. ಹಾಗೆ ಕುಳಿತವರಲ್ಲಿ ಯಾರೂ ಡಚ್ ಭಾಷೆ ಕಲಿತವರಲ್ಲ. ಆದರೂ ಅವರು ಆಡುತ್ತಿರುವುದು ಡಚ್ಚರ ಮಾತನ್ನೇ.

ಇಸ್ಪೀಟಿನ ಕಟ್ಟಿನಲ್ಲಿ ಮೂರೆಲೆಯ ಕಪ್ಪು ಗುರುತಿಗೆ ಡಚ್ಚರು 'ಕ್ಲಾವರ್' ಎನ್ನುತ್ತಾರೆ. ಕೆಂಪು ಹೃದಯದ ಗುರುತಿಗೆ 'ಹಾರ್ಟನ್' ಎನ್ನುತ್ತಾರೆ. ನಮ್ಮ ಕಲಾವರ್, ಆಟೀನ್‌ಗಳ ಮೂಲ ಇದು. ಮೇಲುಗೈಯ ಎಲೆಗೆ ಅವರು ಹೇಳುವ 'ತ್ರುಫ್' ಎಂಬ ಮಾತು ನಮ್ಮ ತುರುಫಿಗೆ ಎಷ್ಟು ಹತ್ತಿರದ್ದೆಂದು ಬೇರೆ ಹೇಳಬೇಕಾಗಿಲ್ಲ. ತೆಲುಗು, ತಮಿಳು, ಮಲಯಾಳಗಳಲ್ಲೂ ಈ ಹೆಸರುಗಳ ಒಡಹುಟ್ಟುಗಳಿವೆ. ಡಚ್ಚರ ಈಸ್ಟ್ ಇಂಡಿಯಾ ಕಂಪನಿ 17ನೇ ಶತಮಾನದಲ್ಲಿ ಪೂರ್ವ ತೀರದ ಪುಲಿಕಾಟ್, ನಾಗಪಟ್ಟಣಗಳಲ್ಲಿ ನೆಲೆಯೂರಿತ್ತು. 1663ರಲ್ಲಿ ಅದು ಪೋರ್ಚುಗೀಸರಿಂದ ಕೊಚ್ಚಿಯನ್ನು ಕಸಿದುಕೊಂಡು 1795ರವರೆಗೂ ಕೈಯಲ್ಲಿಟ್ಟುಕೊಂಡಿತು. ನಮ್ಮ ಬಸರೂರಿನ ಬಂದರಿನಲ್ಲೂ ಆ ಕಂಪನಿ ವ್ಯಾಪಾರ ನಡೆಸಿತ್ತು. ವ್ಯಾಪಾರಿಗಳು ಹೋದರು, ಅವರ ಕೋಟೆಗಳು ಬಿದ್ದವು, ಎಲೆಯ ಹೆಸರುಗಳು ಮಾತ್ರ ಚಪ್ಪರದಡಿ ಉಳಿದುಕೊಂಡವು. ಡೈಮನ್ ಆ ಬಳಿಕ ಇಂಗ್ಲಿಷರೊಂದಿಗೆ ಬಂದದ್ದು.

ಹೀಗೆ ಹಡಗಿನಲ್ಲಿ ಬಂದ 52 ಎಲೆಗಳು ಇಲ್ಲಿ ಮನೆಮಾತಾಗಿವೆ. ಆದರೆ ಡಚ್ಚರು ಕಾಲಿಡುವ ಮೊದಲೇ ಈ ದೇಶದಲ್ಲಿ ಬೇರೊಂದು ಬಗೆಯ ಎಲೆಗಳಿದ್ದವು. ದುಂಡಗಿನ ಎಲೆಗಳು, ಒಂದೊಂದರ ಮೇಲೂ ಕೈಯಿಂದ ಬರೆದ ಚಿತ್ರ, ದೇವತೆಗಳೂ ಅಸುರರೂ ಸರ್ಪಗಳೂ ತಮ್ಮ ತಮ್ಮ ಸೇನೆ ಕಟ್ಟಿಕೊಂಡು ಕಾದಾಡುವ ಒಂದು ಕಲ್ಪನೆಯ ಲೋಕ. ಅದರ ಹೆಸರು ಗಂಜೀಫಾ. ಆ ಲೋಕದ ಅತ್ಯಂತ ವಿಸ್ತಾರವಾದ ರೂಪ ಹುಟ್ಟಿದ್ದು ಕರ್ನಾಟಕದಲ್ಲಿ, ಮೈಸೂರಿನ ಅರಮನೆಯಲ್ಲಿ. ಇಂದು ಅದನ್ನು ಆಡುವ ಮನೆಯೊಂದನ್ನು ಹುಡುಕುವುದು ಕಷ್ಟ.

ಬಾಬರನ ಉಡುಗೊರೆ

ಭಾರತದಲ್ಲಿ ಗಂಜೀಫಾದ ಮೊದಲ ಉಲ್ಲೇಖ ಸಿಗುವುದು ಮೊಗಲ್ ದೊರೆ ಬಾಬರನ ದಿನಚರಿಯಲ್ಲಿ. ಸಿಂಧ್ ಪ್ರಾಂತ್ಯದ ಶಾ ಹಸನ್ ಎಂಬವನಿಗೆ ಈ ಆಟದ ಮೇಲೆ ಬಲು ಪ್ರೀತಿ ಇದ್ದುದರಿಂದ ಎಲೆಗಳ ಕಟ್ಟೊಂದನ್ನು ಕಳುಹಿಸಿಕೊಟ್ಟೆನೆಂದು ಅವನು 1527ರಲ್ಲಿ ಬರೆದಿದ್ದಾನೆ. ಹೆಸರು ಅದಕ್ಕಿಂತಲೂ ಹಳೆಯದು. ಈಜಿಪ್ಟಿನ ಮಾಮ್ಲೂಕ್ ಸುಲ್ತಾನರ ಕಾಲದ ಒಂದು ಕಟ್ಟು ಇಸ್ತಾಂಬುಲಿನ ಟೋಪ್ಕಾಪಿ ಅರಮನೆಯಲ್ಲಿದೆ. ಅದರ ಎಲೆಯೊಂದರ ಮೇಲೆ 'ಕಂಜಿಫಾ' ಎಂಬ ಪದವಿದೆ. ಅದರಲ್ಲಿ ನಾಲ್ಕು ಬಣ, 52 ಎಲೆ. ಯೂರೋಪಿಗೆ 14ನೇ ಶತಮಾನದಲ್ಲಿ ಎಲೆಯಾಟ ಹೋದದ್ದೂ ಮಾಮ್ಲೂಕರ ಕಡೆಯಿಂದಲೇ ಎಂದು ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ನಮ್ಮ ಇಸ್ಪೀಟೂ ಗಂಜೀಫಾವೂ ದಾಯಾದಿಗಳು: ಒಂದು ಪಶ್ಚಿಮಕ್ಕೆ ಹೋಗಿ ಸಮುದ್ರ ಸುತ್ತಿ ಬಂತು, ಇನ್ನೊಂದು ಪರ್ಷಿಯಾದ ನೆಲದ ಹಾದಿಯಲ್ಲಿ ಬಂತು.

ಬಾಬರನ ಮೊಮ್ಮಗ ಅಕ್ಬರನ ಆಸ್ಥಾನದಲ್ಲಿ ಈ ಆಟಕ್ಕೆ ವೈಭವ ಬಂತು. ಅಬುಲ್ ಫಜಲ್ ತನ್ನ 'ಐನ್-ಇ-ಅಕ್ಬರಿ'ಯಲ್ಲಿ 12 ಬಣಗಳ, 144 ಎಲೆಗಳ ಕಟ್ಟೊಂದನ್ನು ವರ್ಣಿಸಿದ್ದಾನೆ. ಬಣಗಳ ಹೆಸರುಗಳೆಲ್ಲ ನಮಗೆ ತಿಳಿಯುವಂಥವೇ: ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ, ದಳಪತಿ, ನಾವಪತಿ ಹೀಗೆ. ಕುದುರೆ, ಆನೆ, ಕೋಟೆ, ಹಣ, ಹಡಗುಗಳ ಒಡೆಯರು ಮುಗಿದ ಮೇಲೆ ಆಟ ಈ ಲೋಕ ಬಿಟ್ಟು ಮೇಲೇರುತ್ತದೆ. ಸುರಪತಿಯ ಬಣದಲ್ಲಿ ಇಂದ್ರ ಸಿಂಹಾಸನದಲ್ಲಿ ಕುಳಿತಿರುತ್ತಾನೆ. ಅಸುರಪತಿಯ ಬಣದ ದೊರೆ, ದಾವೂದನ ಮಗ ಸುಲೇಮಾನ್. ವನಪತಿಗೆ ಕಾಡುಮೃಗಗಳ ಪಡೆ, ಅಹಿಪತಿಗೆ ಹಾವುಗಳ ಪಡೆ. ಹಿಂದೂ ಪುರಾಣದ ಇಂದ್ರನೂ ಸೆಮಿಟಿಕ್ ಕಥೆಗಳ ಸುಲೇಮಾನನೂ ಒಂದೇ ಚಾಪೆಯ ಮೇಲೆ ಒಬ್ಬರನ್ನೊಬ್ಬರು ಎದುರಿಸುವ ಈ ಏರ್ಪಾಡು ಅಕ್ಬರನ ಕಾಲಕ್ಕೆ ತಕ್ಕದ್ದೇ ಆಗಿದೆ.

ಕನ್ನಡಿಗರ ಕುತೂಹಲ ಕೆರಳಿಸುವ ಎಲೆಯೊಂದು ಇದರಲ್ಲಿದೆ. ಅಶ್ವಪತಿಯನ್ನು ದಿಲ್ಲಿಯ ದೊರೆಯಂತೆ, ಗಜಪತಿಯನ್ನು ಒಡಿಶಾದ ದೊರೆಯಂತೆ, ನರಪತಿಯನ್ನು ಬಿಜಾಪುರದ ದೊರೆಯಂತೆ ಚಿತ್ರಿಸಲಾಗಿತ್ತೆಂದು ಅಬುಲ್ ಫಜಲ್ ಹೇಳುತ್ತಾನೆ. ದಿಲ್ಲಿಯವರು ಅಶ್ವಪತಿ, ಒಡಿಶಾದವರು ಗಜಪತಿ, ವಿಜಯನಗರದವರು ನರಪತಿ ಎಂಬುದು ದಕ್ಷಿಣದಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ವಿಜಯನಗರ 1565ರಲ್ಲಿ ಸೋತಿತು. ಆ ಶತಮಾನ ಮುಗಿಯುವ ಹೊತ್ತಿಗೆ ಬರೆದ ಗ್ರಂಥದಲ್ಲಿ ನರಪತಿಯ ಪೀಠ ಬಿಜಾಪುರಕ್ಕೆ ಹೋಗಿದೆ. ಹಳೆಯ ಬಿರುದನ್ನು ಗೆದ್ದವರ ಹೆಸರಿಗೆ ಬರೆದುಬಿಟ್ಟರೆಂದು ಊಹಿಸಿದರೆ ತಪ್ಪಾಗಲಾರದು. ರಾಜ್ಯವೊಂದು ಅಳಿದ ಸುದ್ದಿ ಇಸ್ಪೀಟಿನೆಲೆಯಷ್ಟು ಪುಟ್ಟ ಚಿತ್ರದಲ್ಲೂ ದಾಖಲಾಗುತ್ತದೆ.

ಜನಸಾಮಾನ್ಯರ ನಡುವೆ ಹೆಚ್ಚು ಓಡಾಡಿದ್ದು 8 ಬಣಗಳ, 96 ಎಲೆಗಳ ಕಟ್ಟು. ಕಿರೀಟ, ಖಡ್ಗ, ಬೆಳ್ಳಿ ನಾಣ್ಯ, ಚಿನ್ನದ ನಾಣ್ಯ ಮುಂತಾದವು ಅದರ ಗುರುತುಗಳು. ಒಂದು ಬಣದ ಹೆಸರು 'ಗುಲಾಮ'. ನಮ್ಮ ಇಸ್ಪೀಟಿನ ಎಕ್ಕ-ರಾಜ-ರಾಣಿ-ಗುಲಾಮರಲ್ಲಿ ಕೊನೆಯವನು ಹೆಸರಿನ ಮಟ್ಟಿಗೆ ಈ ಕಟ್ಟಿನವನೇ. ಆದರೆ ಗಂಜೀಫಾದ ಬಣದಲ್ಲಿ ರಾಣಿಯಿಲ್ಲ. ರಾಜ, ಮಂತ್ರಿ, ಬಳಿಕ ಹತ್ತರಿಂದ ಒಂದರವರೆಗಿನ ಎಲೆಗಳು, ಅಷ್ಟೆ.

ರಾತ್ರಿ ಕೃಷ್ಣ, ಹಗಲು ರಾಮ

ಹಿಂದೂ ಮನೆಗಳಿಗೆ ಬಂದಾಗ ಈ ಆಟ ವೇಷ ಬದಲಿಸಿತು. ದಶಾವತಾರ ಗಂಜೀಫಾದಲ್ಲಿ 10 ಬಣ, 120 ಎಲೆ. ಮತ್ಸ್ಯನಿಗೆ ಮೀನು, ಕೂರ್ಮನಿಗೆ ಆಮೆ, ವರಾಹನಿಗೆ ಶಂಖ, ನರಸಿಂಹನಿಗೆ ಚಕ್ರ, ವಾಮನನಿಗೆ ಕಮಂಡಲ ಹೀಗೆ ಗುರುತುಗಳು. ಕೃಷ್ಣನಿಗೆ ಹಸು, ಕಲ್ಕಿಗೆ ಖಡ್ಗ. ಊರಿಂದೂರಿಗೆ ಗುರುತು ಅಷ್ಟಿಷ್ಟು ಬದಲಾಗುವುದೂ ಉಂಟು. ಪರಶುರಾಮನ ಕೊಡಲಿಗೂ ಒಂದು ಬಣವಿದೆಯೆಂಬುದು ಪರಶುರಾಮ ಸೃಷ್ಟಿಯಲ್ಲಿ ಬಾಳುವ ಕರಾವಳಿಯವರಿಗೆ ಸಮಾಧಾನ ತರುವ ಸಂಗತಿ.

ಆಡುವವರು ಮೂವರು. ಎಲೆಗಳನ್ನೆಲ್ಲ ಬಟ್ಟೆಯ ಮೇಲೆ ಹರಡಿ ಕೈಯಾಡಿಸಿ ಕಲೆಸುತ್ತಾರೆ. ದುಂಡಗಿನ ಎಲೆಯನ್ನು ಇಸ್ಪೀಟಿನಂತೆ ಅಂಗೈಯಲ್ಲಿ ಹಿಡಿದು ಸರಿಸಲಾಗದು. ತಲಾ 40 ಎಲೆ. ಆಟ ಬಲದಿಂದ ಸುತ್ತುತ್ತದೆ. ಹಗಲು ಆಡಿದರೆ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರು ಮೊದಲು ಎಲೆ ಇಳಿಸಬೇಕು, ರಾತ್ರಿಯಾದರೆ ಕೃಷ್ಣನ ರಾಜ ಇದ್ದವರು. ಮೊಗಲ್ ಕಟ್ಟಿನಲ್ಲಿ ಇದೇ ಕೆಲಸ ಹಗಲು ಸೂರ್ಯನಂಥ ಚಿನ್ನದ ನಾಣ್ಯದ್ದು, ರಾತ್ರಿ ಚಂದ್ರನಂಥ ಬೆಳ್ಳಿ ನಾಣ್ಯದ್ದು. ತುರುಫಿನ ಮಾತಿಲ್ಲ. ಇಳಿಸಿದ ಬಣದಲ್ಲಿ ದೊಡ್ಡ ಎಲೆ ಹಾಕಿದವರಿಗೆ ಆ ಸುತ್ತು.

ಕೇಳಲು ಸುಲಭ. ತೊಡಕಿರುವುದು ಬೇರೆ ಕಡೆ. ಅರ್ಧದಷ್ಟು ಬಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ಎಲ್ಲ ತಿರುಗುಮುರುಗು. ರಾಜ, ಮಂತ್ರಿಯರ ಬೆನ್ನಿಗೇ ಒಂದು ಬರುತ್ತದೆ, ಹತ್ತು ಎಲ್ಲಕ್ಕಿಂತ ಕೆಳಗೆ. ಯಾವ ಬಣದ ಯಾವ ಎಲೆ ಬಿತ್ತು, ಯಾವುದು ಇನ್ನೂ ಹೊರಗಿದೆ ಎಂಬುದನ್ನು 120ರಲ್ಲೂ ನೆನಪಿಟ್ಟುಕೊಳ್ಳಬೇಕು. ಎಲೆಯಾಟವೆಂದರೆ ಜೂಜೆಂದು ಮೂಗು ಮುರಿಯುವವರು ಇದ್ದೇ ಇದ್ದಾರೆ. ಆದರೆ ರಮ್ಮಿಯ ಬಗ್ಗೆ ಸುಪ್ರೀಂ ಕೋರ್ಟು 1967ರಲ್ಲಿ ಕೊಟ್ಟ ತೀರ್ಪು, ಬಿದ್ದ ಎಲೆಗಳನ್ನು ನೆನಪಿಡಬೇಕಾಗಿರುವುದರಿಂದ ಅದು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ಆ ಅಳತೆಗೋಲು ಹಿಡಿದರೆ ಗಂಜೀಫಾ ರಮ್ಮಿಗಿಂತ ಬಹಳ ಮೇಲೆ ನಿಲ್ಲುತ್ತದೆ.

ಎಲೆಗಳನ್ನು ಮಾಡುವುದೂ ಒಂದು ವಿದ್ಯೆಯಾಗಿತ್ತು. ಬಟ್ಟೆಯ ಪದರಗಳನ್ನು ಹುಣಸೆ ಬೀಜದ ಅಂಟಿನಿಂದ ಒಂದರ ಮೇಲೊಂದು ಕೂಡಿಸಿ, ಸುಣ್ಣದ ಹುಡಿ ಬಳಿದು, ಕಲ್ಲಿನಿಂದ ಉಜ್ಜಿ ನಯ ಮಾಡಿ, ದುಂಡಗೆ ಕತ್ತರಿಸಿ, ಬಣ್ಣ ಹಾಕಿ, ಅರಗು ಲೇಪಿಸಬೇಕು. ಸಾಮಾನ್ಯರ ಈ ಎಲೆಗಳಿಗೆ 'ಬಜಾರ್ ಕಲಂ' ಎಂದು ಹೆಸರು. ಶ್ರೀಮಂತರ 'ದರ್ಬಾರ್ ಕಲಂ' ಎಲೆಗಳಾದರೋ ದಂತ ಅಥವಾ ಆಮೆಚಿಪ್ಪಿನವು. ನಮ್ಮದೇ ಪಡುವಣ ಕರಾವಳಿಯಲ್ಲಿ ಉತ್ತರಕ್ಕಿರುವ ಸಾವಂತವಾಡಿ, ಒಡಿಶಾದ ರಘುರಾಜಪುರ, ಬಂಗಾಳದ ಬಿಷ್ಣುಪುರ, ಇವೆಲ್ಲ ಎಲೆ ಬರೆಯುವವರ ಊರುಗಳು. ಮೈಸೂರು ಆ ಸಾಲಿಗೆ ಸೇರಿದ್ದು ಒಬ್ಬ ದೊರೆಯ ಆಸಕ್ತಿಯಿಂದ.

ರಾಜ್ಯವಿಲ್ಲದ ರಾಜನ ಸೇನೆಗಳು

ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ, ಟಿಪ್ಪುವಿನ ಪತನದ ಬಳಿಕ, ಐದು ವರ್ಷದ ಬಾಲಕರಾಗಿ ಸಿಂಹಾಸನವೇರಿದರು. ನಗರದ ರೈತರ ದಂಗೆಯನ್ನು ನೆಪವಾಗಿಸಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಆಗ ಅವರಿಗೆ 37 ವಯಸ್ಸು. 1868ರಲ್ಲಿ ತೀರಿಕೊಳ್ಳುವವರೆಗೆ, ಇನ್ನೂ 37 ವರ್ಷ, ಅವರು ಹೆಸರಿಗೆ ಅರಸರಾಗಿದ್ದರು. ರಾಜ್ಯ ಮರಳಿಸಬೇಕೆಂದು ಮತ್ತೆ ಮತ್ತೆ ಬರೆದ ಮನವಿಗಳು ಅವರ ಜೀವಿತಕಾಲದಲ್ಲಿ ಫಲಿಸಲಿಲ್ಲ. ಅಧಿಕಾರ ಒಡೆಯರ ಮನೆತನಕ್ಕೆ ಹಿಂತಿರುಗಿದ್ದು 1881ರಲ್ಲಿ, ದತ್ತುಪುತ್ರ ಚಾಮರಾಜ ಒಡೆಯರಿಗೆ.

ಈ ದೀರ್ಘಕಾಲವನ್ನು ಮುಮ್ಮಡಿಯವರು ಸುಮ್ಮನೆ ಕಳೆಯಲಿಲ್ಲ. ವಿದ್ವಾಂಸರನ್ನು, ಚಿತ್ರಗಾರರನ್ನು ಸೇರಿಸಿಕೊಂಡು ಗ್ರಂಥ ಬರೆಸಿದರು. ಚದುರಂಗದ ಕುದುರೆಯನ್ನು ಹಲಗೆಯ 64 ಮನೆಗಳಲ್ಲೂ ಒಂದೊಂದೇ ಬಾರಿ ನಡೆಸುವ ಒಗಟುಗಳನ್ನು ಬಿಡಿಸಿ, ಹೊಸತನ್ನು ಕಟ್ಟಿದರು. ಇವರ ಹೆಸರಿನಲ್ಲಿ ಪ್ರಸಿದ್ಧವಾದ 'ಶ್ರೀತತ್ತ್ವನಿಧಿ'ಯಲ್ಲಿ ಒಂಬತ್ತು ನಿಧಿಗಳಿವೆ: ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಎಂದು ದೇವತಾ ಸ್ವರೂಪಗಳ ವರ್ಣನೆಯಿಂದ ಆರಂಭವಾಗಿ ಕೊನೆಯ ಕೌತುಕನಿಧಿಗೆ ಬಂದು ನಿಲ್ಲುತ್ತದೆ. ಆಟಗಳಿರುವುದು ಈ ಕೌತುಕನಿಧಿಯಲ್ಲಿ. ಮೂರ್ತಿಲಕ್ಷಣ ಹೇಳುವ ಗ್ರಂಥದೊಳಗೇ ಎಲೆಯಾಟಕ್ಕೂ ಜಾಗ ಕೊಟ್ಟದ್ದನ್ನು ನೋಡಿದರೆ, ಅದು ಅವರಿಗೆ ಬರಿಯ ಹೊತ್ತುಗಳೆಯುವ ಸಾಧನವಾಗಿರಲಿಲ್ಲ ಎನಿಸುತ್ತದೆ.

ಅವರು ರೂಪಿಸಿದ ಎಲೆಯಾಟಗಳಿಗೆ 'ಛದ' ಎಂದು ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ನಾವು ಇಸ್ಪೀಟಿಗೆ 'ಎಲೆ' ಎನ್ನುವಂತೆಯೇ ಈ ಹೆಸರೂ ಬಂದಿರಬೇಕು. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ ಹೀಗೆ ಒಂದೊಂದು ಆಟಕ್ಕೂ ಒಂದೊಂದು ಲೋಕ. ಗ್ರಹಗಳು ಒಂದರಲ್ಲಿ ಸೇನೆ ನಡೆಸುತ್ತವೆ, ಪಾಂಡವರು ಇನ್ನೊಂದರಲ್ಲಿ, ದೇವಿ ಮತ್ತೊಂದರಲ್ಲಿ. ಸಾಮಾನ್ಯ ಗಂಜೀಫಾದ ಬಣದಲ್ಲಿ ಚಿತ್ರದೆಲೆ ಎರಡಾದರೆ ಇಲ್ಲಿ ಆರು. ಅಂಕಿಯ ಎಲೆ ಹನ್ನೆರಡು. ಕೆಲವು ಆಟಗಳಲ್ಲಿ ಬಣಗಳು 18ರವರೆಗೂ ಇವೆ. ಶಾಶ್ವತವಾಗಿ ಮೇಲುಗೈ ಪಡೆದ ಬಣ, ಬೇಕಾದಂತೆ ಬಳಸಬಹುದಾದ ಎಲೆ ಮುಂತಾದ ಹೊಸ ನಿಯಮಗಳೂ ಉಂಟು. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳು. ಏಳು ಇಸ್ಪೀಟಿನ ಕಟ್ಟು ಒಟ್ಟು ಸೇರಿಸಿದಂತೆ ಲೆಕ್ಕ ಹಾಕಿಕೊಳ್ಳಬಹುದು.

ಕೋಟೆಯ ಕಾವಲಿಗೂ ಕಮಿಷನರರ ಅಪ್ಪಣೆ ಬೇಕಾಗಿದ್ದ ಕಾಲದಲ್ಲಿ ಒಬ್ಬ ಅರಸ ರಾಜ, ಮಂತ್ರಿ, ಸೇನೆಗಳಿರುವ ಹದಿನೆಂಟು ಪುಟ್ಟ ರಾಜ್ಯಗಳನ್ನು ಕಟ್ಟುತ್ತಿದ್ದ ಎಂಬ ಚಿತ್ರ ಯಾರ ಮನಸ್ಸನ್ನಾದರೂ ತಟ್ಟೀತು. ಆದರೆ ಕೈಯಲ್ಲಿ ಆಡಳಿತವಿಲ್ಲದ ಬೇಸರಕ್ಕೆ ಎಲೆಯಾಟ ಹಿಡಿದರೆಂದು ಸಾರಾಸಗಟಾಗಿ ಹೇಳುವುದು ಅವರ ಪಾಂಡಿತ್ಯಕ್ಕೆ ಅನ್ಯಾಯ. ಈ ಆಟಗಳ ಹಿಂದೆ ಗಣಿತವಿದೆ, ಮೂರ್ತಿಶಾಸ್ತ್ರವಿದೆ, ಮೈಸೂರು ಶೈಲಿಯ ಚಿತ್ರಕಲೆಯಿದೆ.

ಇಷ್ಟೆಲ್ಲ ಇದ್ದೂ ಛದ ಅರಮನೆಯ ಬಾಗಿಲು ದಾಟಿ ಪೇಟೆಗೆ ಇಳಿಯಲಿಲ್ಲ. ಎಲೆಗಳು ಬಹಳ, ಬೆಲೆಯೂ ಬಹಳವೇ ಇದ್ದೀತು ಎಂಬ ಕಾರಣ ಕಣ್ಣಿಗೆ ಕಾಣುವಂಥದ್ದು. 1830ರ ದಶಕದ ಆರಂಭದಲ್ಲೇ ಲಂಡನ್ನಿನಲ್ಲಿ ಥಾಮಸ್ ಡಿ ಲಾ ರ್ಯೂ ಎಂಬಾತ ಯಂತ್ರದಲ್ಲಿ ಬಣ್ಣದ ಎಲೆಗಳನ್ನು ಅಚ್ಚು ಹಾಕತೊಡಗಿದ್ದ. ಮೈಸೂರಿನಲ್ಲಿ ಚಿತ್ರಗಾರ ಕುಂಚ ಹಿಡಿದು ಒಂದು ಕಟ್ಟು ಮುಗಿಸುವ ಹೊತ್ತಿಗೆ ಅಲ್ಲಿ ಸಾವಿರಾರು ಕಟ್ಟು ಹೊರಬೀಳುತ್ತಿದ್ದಿರಬೇಕು.

ಇನ್ನೊಂದು ಕಾರಣ ಆಟದೊಳಗೇ ಇದೆ. ನವಗ್ರಹ ಛದದ ಎಲೆಗಳಿಂದ ನವಗ್ರಹ ಛದವನ್ನು ಮಾತ್ರ ಆಡಬಹುದು. ಅಲ್ಲಿ ಚಿತ್ರವೇ ನಿಯಮ; ಕಥೆ ಗೊತ್ತಿಲ್ಲದವನಿಗೆ ಆಟವೂ ಗೊತ್ತಾಗದು. ಇಸ್ಪೀಟಿನ ಎಲೆಗೆ ಕಥೆಯಿಲ್ಲ. ಕಪ್ಪು ಎರಡು, ಕೆಂಪು ಎರಡು, ಅಂಕಿ, ಮೂರು ಮುಖ. ಯಾವ ದೇವರಿಗೂ ಸೇರದ ಈ ಎಲೆಗಳು ಯಾವ ಆಟಕ್ಕೂ ಸಲ್ಲುತ್ತವೆ. ಅದೇ ಕಟ್ಟಿನಲ್ಲಿ ರಮ್ಮಿ ಆಡಬಹುದು, ಮಕ್ಕಳು ಕತ್ತೆ ಆಡಬಹುದು, ಪೊಲೀಸರ ಕಣ್ಣು ತಪ್ಪಿಸಿ ಅಂದರ್ ಬಾಹರ್ ಆಡುವವರೂ ಆಡಬಹುದು. ಕೇರಳದಲ್ಲಿ ಜನಪ್ರಿಯವಾದ 'ಇಪ್ಪತ್ತೆಂಟು' ಎಂಬ ಆಟವನ್ನೇ ನೋಡಿ. ಏಳರಿಂದ ಮೇಲಿನ 32 ಎಲೆ, ನಾಲ್ವರು, ಎದುರುಬದುರು ಕುಳಿತವರು ಜೊತೆಗಾರರು. ತುರುಫನ್ನು ಕೂಗಿ ಗೆದ್ದವನು ಎಲೆಯನ್ನು ಮಗುಚಿ ಅಡಗಿಸಿಡುತ್ತಾನೆ. ಗುಲಾಮನಿಗೆ ಮೂರು, ಒಂಬತ್ತಿಗೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಅಂಕ. ನಾಲ್ಕು ಬಣ ಸೇರಿ 28. ರಾಜ-ರಾಣಿಯರಿಗೆ ಸೊನ್ನೆ! ಗುಲಾಮನನ್ನು ಮೇಲೇರಿಸುವ ಈ ಕ್ರಮ ಯೂರೋಪಿನ 'ಯಾಸ್' ಕುಟುಂಬದ ಆಟಗಳಲ್ಲೂ ಇದೆ. ಮುಮ್ಮಡಿಯವರ ಕಟ್ಟಿನಲ್ಲಿ ಇಂಥ ದಂಗೆ ಸಾಧ್ಯವಿರಲಿಲ್ಲ.

ಕರಾವಳಿಗೆ ಛದದ ಪರಿಚಯವೇ ಆಗಲಿಲ್ಲವೆಂಬುದರಲ್ಲಿ ಆಶ್ಚರ್ಯವಿಲ್ಲ. 1799ರಲ್ಲಿ ಮೈಸೂರು ಒಡೆಯರಿಗೆ ದೊರೆತಾಗ ಕೆನರಾ ಕಂಪನಿ ಸರಕಾರದ ಪಾಲಾಯಿತು. ಉಡುಪಿಯ ಸೀಮೆ ಮದರಾಸಿನ ಆಡಳಿತದಲ್ಲಿ ಉಳಿಯಿತು. ಘಟ್ಟದ ಮೇಲಿನ ಅರಮನೆಯಲ್ಲಿ ಏನು ಆಡುತ್ತಿದ್ದರೋ, ಘಟ್ಟದ ಕೆಳಗಿನವರು ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ ಮುಂದಿಟ್ಟುಕೊಂಡಿದ್ದರು. ಬಂದರಿನಿಂದ ಬಂದ ಇಸ್ಪೀಟು ಅದರ ಪಕ್ಕದಲ್ಲಿ ಜಾಗ ಮಾಡಿಕೊಂಡಿತು.

ಗುಳ್ಳಕ್ಕೂ ಎಲೆಗೂ ಒಂದೇ ಪಟ್ಟಿ

ಅಳಿದುಹೋಗಲಿದ್ದ ಛದವನ್ನು ಮತ್ತೆ ಲೋಕದ ಕಣ್ಣಿಗೆ ತಂದವರಲ್ಲಿ ಮುಂಬಯಿಯಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೈಡನ್ ಮುಖ್ಯರು. 1970ರ ದಶಕದಲ್ಲಿ ಅವರು ಮೈಸೂರಿನ ಛದದ ಬಗ್ಗೆಯೇ ಪುಸ್ತಕ ಬರೆದರು. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ನಡೆದ ಗಂಜೀಫಾ ಪ್ರದರ್ಶನದ ಪುಸ್ತಕವೂ ಅವರದೇ. ಮೈಸೂರಿನಲ್ಲಿ ರಘುಪತಿ ಭಟ್ಟರು ಈ ಚಿತ್ರಕಲೆಯನ್ನು ಕೈಗೆತ್ತಿಕೊಂಡು ಎಷ್ಟು ಮಗ್ನರಾದರೆಂದರೆ 'ಗಂಜೀಫಾ' ಎಂಬುದು ಅವರ ಹೆಸರಿನ ಮುಂದೆಯೇ ಅಂಟಿಕೊಂಡಿತು. ರಾಮ್ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರ, ಅಳಗುಳಿಮಣೆಗಳಿಗೆ ಮತ್ತೆ ಗಿರಾಕಿಗಳನ್ನು ಹುಡುಕಿಕೊಟ್ಟಿತು.

ಸರಕಾರದ ಮಾನ್ಯತೆಯೂ ಬಂದಿದೆ. 'ಮೈಸೂರಿನ ಗಂಜೀಫಾ ಎಲೆಗಳು' ಭೌಗೋಳಿಕ ಗುರುತಿನ ಪಟ್ಟಿ ಸೇರಿವೆ. ಅದೇ ಪಟ್ಟಿಗೆ 2011ರಲ್ಲಿ ಸೇರಿದ್ದು ಉಡುಪಿಯ ಮಟ್ಟುಗುಳ್ಳ. ಎರಡಕ್ಕೂ ದೇವರ ಕಥೆಯ ಹಿನ್ನೆಲೆಯಿದೆ. ಗುಳ್ಳದ ಬೀಜವನ್ನು ವಾದಿರಾಜ ಸ್ವಾಮಿಗಳು ಕೊಟ್ಟರೆಂಬುದು ಊರವರ ನಂಬಿಕೆ. ಆದರೆ ಮಟ್ಟುವಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಗುಳ್ಳದ ಸಾಲು ಏಳುತ್ತದೆ, ಕಾಯಿ ಮಾರುಕಟ್ಟೆಗೆ ಹೋಗುತ್ತದೆ, ಉಡುಪಿಯ ಮನೆಗಳಲ್ಲಿ ಸಾಂಬಾರಾಗುತ್ತದೆ. ಬೆಳೆದವರಷ್ಟೇ ತಿನ್ನುವವರೂ ಅದನ್ನು ಉಳಿಸಿದ್ದಾರೆ. ಗಂಜೀಫಾಕ್ಕೆ ಬರೆಯುವವರು ಸಿಕ್ಕಿದ್ದಾರೆ, ಕೊಳ್ಳುವವರೂ ಸಿಕ್ಕಿದ್ದಾರೆ. ಕೊಂಡವರು ಅದಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರೆ. ಮತ್ಸ್ಯಾವತಾರದ ಒಂದೇ ಎಲೆ, ಗಾಜಿನ ಹಿಂದೆ. ಉಳಿದ 119 ಇಲ್ಲದೆ ಅದು ಯಾರನ್ನು ಗೆಲ್ಲಬೇಕು?

ಒಡಿಶಾದ ಕೆಲವು ಊರುಗಳಲ್ಲಿ ಮುದುಕರು ಇಂದಿಗೂ ಜಗಲಿಯಲ್ಲಿ ಕುಳಿತು ಇದನ್ನು ಆಡುವುದುಂಟು. ಅಲ್ಲಿನ ಎಲೆಗಳು ಕೈಯ ಬೆವರಿಗೆ ಕಪ್ಪಾಗುತ್ತವೆ, ಬಣ್ಣ ಏಳುತ್ತದೆ, ಚಿತ್ರಗಾರನ ಮನೆಗೆ ಮತ್ತೆ ಹೋಗಬೇಕಾಗುತ್ತದೆ. ಮೈಸೂರಿನ 360 ಎಲೆಯ ಛದವನ್ನು ಮತ್ತೆ ಆಡಿಸುವುದು ಯಾರಿಗೂ ಆಗದ ಮಾತಿರಬಹುದು. ದಶಾವತಾರದ ಕಟ್ಟು ಅಷ್ಟು ದೂರದ್ದಲ್ಲ. ನೆಲಕ್ಕೆ ಒಂದು ಬಿಳಿ ಬಟ್ಟೆ, ಮೂವರು, 120 ಎಲೆ. ಬಲದಿಂದ ಹಂಚಬೇಕು. ಮದುವೆಯ ಹಿಂದಿನ ರಾತ್ರಿಯಾದರೆ, ಕೃಷ್ಣನ ರಾಜ ಯಾರ ಕೈಗೆ ಬಂದಿದ್ದಾನೋ ಅವರು ಮೊದಲು ಇಳಿಸಬೇಕು.